ಗೃಹಕೌಶಲ: ಗರಗಸದ ಹಳಿಗೆ ಮನೆಯಲ್ಲಿಯೇ ಮಾಡಿಕೊಳ್ಳುವ ಅಳತೆಗೋಲುಗಳು

ಮನೆಗೆ ಬೇಕಾದ ಕಪಾಟು, ಮೇಜು, ಗೋಡೆಹಲಗೆಗಳನ್ನು ಬಡಿಗರಿಂದ ಮಾಡಿಸಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಆದರೆ ಈಗ ಕೈಯಲ್ಲಿ ಹಿಡಿದು ನಡೆಯಿಸುವ ವಿದ್ಯುತ್ ಗರಗಸವು ಸಾಮಾನ್ಯ ಗೃಹಸ್ಥರಿಗೂ ಸಿಕ್ಕುವಂತಾಗಿದೆ. ಇಂಥ ಗರಗಸವನ್ನು ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ಎಡ್ಮಂಡ್ ಮಿಶೆಲ್ ಎಂಬವನು ೧೯೨೦ರ ದಶಕದಲ್ಲಿ ರೂಪಿಸಿದನು. ಕಬ್ಬು ಕಡಿಯುವ ಕೂಲಿಗಳ ದಣಿವನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಕಬ್ಬಿನ ಹೊಲಗಳ ನಡುವೆ ಬಾಳುವ ಬಬಲೇಶ್ವರದ ಕಡೆಯ ವಾಚಕರಿಗೆ ಈ ಮಾತು ಸೊಗಸೆನಿಸೀತು.

ಈ ಗರಗಸದ ಸುಧಾರಿಸಿದ ರೂಪವನ್ನು ಅಂಗಡಿಯವರು ಟ್ರ್ಯಾಕ್ ಸಾ ಎಂದು ಕರೆಯುತ್ತಾರೆ. ರೈಲುಗಾಡಿ ಹಳಿಯ ಮೇಲೆ ಹೋಗುವಂತೆ ಇದು ಅಲ್ಯುಮಿನಿಯಮಿನ ಉದ್ದ ಪಟ್ಟಿಯ ಮೇಲೆ ಹೋಗುತ್ತದೆ. ಆದುದರಿಂದ ನಾವು ಆ ಪಟ್ಟಿಯನ್ನು ಹಳಿ ಎಂದೇ ಕರೆಯುವೆವು. ಹಳಿಯ ಅಂಚು ಎಲ್ಲಿದೆಯೋ ಅಲ್ಲಿಯೇ ಕೊಯ್ತ ಬೀಳುವುದು ಇದರ ಮುಖ್ಯ ಗುಣ. ಆದರೆ ಇಲ್ಲಿಯೇ ಒಂದು ಮೋಸವೂ ಇದೆ. ಹಳಿಯು ಕೊಯ್ತವನ್ನು ನೇರಮಾಡುತ್ತದೆಯೇ ಹೊರತು ಸರಿಯಾದ ಸ್ಥಳದಲ್ಲಿ ಕೂಡುವ ಬುದ್ಧಿ ಅದಕ್ಕಿಲ್ಲ. ಅದನ್ನು ಸೊಟ್ಟಗೆ ಇಟ್ಟರೆ ಗರಗಸವು ಬಹು ನೇರವಾಗಿ ಸೊಟ್ಟ ಕೊಯ್ಯುತ್ತದೆ! ಈ ಹಳಿಯನ್ನು ಸರಿಯಾಗಿ ಕೂಡಿಸಲು ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಕೆಲವು ಸಾಧನಗಳನ್ನು ಈ ತಿಂಗಳು ವಿವರಿಸುವೆವು.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ತಿಕೋಟೆಯ ನಮ್ಮ ನಂಟರೊಬ್ಬರು ಒಣದ್ರಾಕ್ಷಿ ಮಾರಿದ ಹಣದಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಅಡಿಗೆಮನೆಗೆ ಕಪಾಟು ಮಾಡಿಸಲು ಹೊರಟರು. ಆ ವರ್ಷ ಅಕಾಲದಲ್ಲಿ ಮಳೆ ಬಿದ್ದು ಮಾಲು ಕೆಟ್ಟಿದ್ದರಿಂದ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಪ್ಲೈವುಡ್ ಹಲಗೆಗಳನ್ನು ಲೆಕ್ಕಹಾಕಿಯೇ ತಂದಿದ್ದರು. ಒಂದು ಕೆಟ್ಟರೆ ಮತ್ತೊಂದಕ್ಕೆ ಅವಕಾಶವಿರಲಿಲ್ಲ. ಬಬಲೇಶ್ವರದ ಕಡೆಯಿಂದ ವೃದ್ಧ ಬಡಿಗರೊಬ್ಬರು ಬಂದಿದ್ದರು. ಅಳತೆಪಟ್ಟಿಯನ್ನು ಹಿಡಿದು ಓದಿ ಹೇಳುವ ಕೆಲಸವನ್ನು ನಾವು ಉತ್ಸಾಹದಿಂದ ವಹಿಸಿಕೊಂಡೆವು.

ಕಪಾಟಿನ ಕದದ ಅಗಲವು ೪೫೦ ಮಿಲಿಮೀಟರು ಆಗಬೇಕಿತ್ತು. ಒಂದು ತುದಿಯಲ್ಲಿ ಪಟ್ಟಿಯ ಮಿಲಿಮೀಟರಿನ ಬದಿಯನ್ನು ಓದಿ ಗುರುತು ಹಾಕಿಸಿದೆವು. ಮತ್ತೊಂದು ತುದಿಗೆ ಹೋದಾಗ ಇಂಚಿನ ಬದಿಯು ಕಣ್ಣಿಗೆ ಬಿತ್ತು. ಮನಸ್ಸಿನಲ್ಲಿಯೇ ಲೆಕ್ಕಮಾಡಿ ೧೭ ಇಂಚು ೫ ಸೂತು ಎಂದು ಹೇಳಿದೆವು. ಇಂಚಿನ ಎಂಟನೆಯ ಒಂದು ಪಾಲನ್ನು ನಮ್ಮ ಬಡಿಗರು ಸೂತು ಎನ್ನುವುದು ವಾಚಕರಿಗೆ ಗೊತ್ತೇ ಇದೆ. ಆ ಅಳತೆಯು ಮಿಲಿಮೀಟರಿನಲ್ಲಿ ೪೪೭.೭ ಮಾತ್ರ! ಹಳಿಯನ್ನು ಆ ಎರಡು ಗುರುತುಗಳ ಮೇಲಿಟ್ಟು ಕೊಯ್ದಾಯಿತು. ಕದ ಕೂಡಿಸುವಾಗ ಮೇಲೆ ಸರಿ, ಕೆಳಗೆ ಸಂದು. ಮನೆಯಾಕೆಯ ಮುಖವು ಸಣ್ಣದಾಯಿತು. ನಾವು ವಿಚಾರಮಾಡದೆ ಬಡಿಗರ ಮೇಲೆ ಎರಡು ಬಿರುಸು ಮಾತು ಆಡಿದೆವು.

ಅವರು ಎದುರುತ್ತರ ಕೊಡಲಿಲ್ಲ. ಕದವನ್ನು ಇಳಿಸಿ ನೆಲಕ್ಕಿಟ್ಟು, ಒಂದು ಕಡ್ಡಿಯನ್ನು ಮೇಲ್ತುದಿಯ ಅಗಲಕ್ಕೆ ಮುರಿದು, ಅದನ್ನೇ ಕೆಳತುದಿಗೆ ಹಿಡಿದು ತೋರಿಸಿದರು. "ಮುಕ್ಕಾಲು ಸೂತು ತಪ್ಪೈತ್ರಿ ಸಾಹೇಬ್ರ," ಎಂದರು. ನಾವು ನಾಚಿಕೊಂಡು, "ಅಜ್ಜಾ, ಅಳತಿ ಹೇಳಿದವ್ರು ನಾವ, ತಪ್ಪು ನಮ್ದು," ಎಂದಾಗ ಅವರು ನಕ್ಕು, "ಪಟ್ಟಿ ಓದೂದು ಕಣ್ಣಿನ ಕೆಲಸರಿ, ಕೋಲು ತಾಗಸೂದು ಕೈಯಿನ ಕೆಲಸ. ಎರಡು ಕಡೆ ಒಂದ ಕೋಲು ಹಿಡದ್ರ ತಪ್ಪೂದ್ಹ್ಯಾಂಗ?" ಎಂದು ಕೇಳಿದರು. ಈ ಲೇಖನದ ತಿರುಳೆಲ್ಲವೂ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ. ಅಳತೆಯನ್ನು ಎರಡು ಸಲ ಓದತಕ್ಕದ್ದಲ್ಲ. ಒಂದು ಸಲ ಹಿಡಿದಿಟ್ಟುಕೊಂಡು ಎರಡೂ ಕಡೆಗೆ ಅದನ್ನೇ ಇಡತಕ್ಕದ್ದು.

ನಮ್ಮ ಗೃಹಿಣಿಯರಿಗೆ ಈ ತತ್ತ್ವವು ಹೊಸದಲ್ಲ. ಜೋಳವನ್ನು ಅಳೆಯುವಾಗ ಕಾಳುಗಳನ್ನು ಯಾರೂ ಎಣಿಸುವುದಿಲ್ಲ. ಒಂದೇ ಸೇರಿನಿಂದ ಎಲ್ಲರಿಗೂ ಅಳೆದುಕೊಡುತ್ತಾರೆ. ಸೇರು ತುಸು ಚಿಕ್ಕದಿದ್ದರೂ ಹಂಚಿಕೆಯಲ್ಲಿ ಭೇದವಾಗದು. ಕಪಾಟಿನ ವಿಷಯವೂ ಹಾಗೆಯೇ. ನಾಲ್ಕು ಹಲಗೆಗಳೂ ಅರ್ಧ ಮಿಲಿಮೀಟರು ಕಡಿಮೆಯಾದರೆ ಯಾರಿಗೂ ತಿಳಿಯದು. ಅವುಗಳಲ್ಲಿ ಒಂದು ಮಾತ್ರ ಕಡಿಮೆಯಾದರೆ ಕಪಾಟು ಆಯುಷ್ಯವಿಡೀ ಕಿರುಗುಟ್ಟುತ್ತದೆ.

ಮೊದಲನೆಯದು: ಜೋಡುಗೋಲು. ಒಂದೇ ಅಗಲದ ಹಲವು ಹಲಗೆಗಳನ್ನು ಕೊಯ್ಯುವುದಕ್ಕೆ ಇದಕ್ಕಿಂತ ಸುಲಭವಾದ ಸಾಧನವಿಲ್ಲ. ಪ್ಲೈವುಡ್ ಚೂರಿನಿಂದ ಎರಡು ಬೆರಳಗಲದ ಎರಡು ಪಟ್ಟಿಗಳನ್ನು ಮಾಡಿಕೊಳ್ಳಿರಿ. ಪ್ರತಿಯೊಂದರ ಒಂದು ತುದಿಯ ಕೆಳಗೆ ಚಿಕ್ಕ ಮರದ ತುಂಡನ್ನು ಅಂಟಿಸಿ ಮೊಳೆ ಹೊಡೆಯಿರಿ. ಇದು ಕೊಕ್ಕೆಯಂತೆ ಹಲಗೆಯ ಅಂಚಿಗೆ ಆತುಕೊಳ್ಳತಕ್ಕದ್ದು. ಈಗ ಎರಡೂ ಕೊಕ್ಕೆಗಳನ್ನು ಒಂದೇ ನೇರ ಅಂಚಿಗೆ ಒತ್ತಿ, ಕೋಲುಗಳನ್ನು ಮಗ್ಗುಲಾಗಿಟ್ಟು ಬಿಗಿದು, ಇನ್ನೊಂದು ತುದಿಯನ್ನು ಒಂದೇ ಕೊಯ್ತದಲ್ಲಿ ಕತ್ತರಿಸಿರಿ. ಬೇರೆ ಬೇರೆಯಾಗಿ ಅಳೆದು ಕತ್ತರಿಸಿದರೆ ಮಾಡಿದ ಶ್ರಮವು ವ್ಯರ್ಥ. ಒಟ್ಟಿಗೆ ಕತ್ತರಿಸಿದರೆ ಅವು ಅವಳಿಜವಳಿಯಾಗುತ್ತವೆ.

ಕೋಲಿನ ಉದ್ದವೆಷ್ಟು? ಹಳಿಯು ನಮಗೆ ಬೇಕಾದ ಹಲಗೆಯ ಮೇಲೆ ಕೂಡುತ್ತದೆ. ಅದರ ಕೊಯ್ಯುವ ಅಂಚೇ ಹಲಗೆಯ ಅಂಚಾಗುತ್ತದೆ. ಕೋಲು ಹಳಿಯ ಹಿಂದಿನ ಬೆನ್ನಿಗೆ ತಾಗುತ್ತದೆ. ಆದುದರಿಂದ ಬೇಕಾದ ಅಗಲದಲ್ಲಿ ಹಳಿಯ ಅಗಲವನ್ನು ಕಳೆದರೆ ಕೋಲಿನ ಉದ್ದ ಬರುವುದು. ಹಲಗೆಯು ೪೦೦ ಮಿಲಿಮೀಟರು ಆಗಬೇಕೆಂದೂ ನಿಮ್ಮ ಹಳಿಯ ಅಗಲ ೧೮೬ ಎಂದೂ ಇಟ್ಟುಕೊಳ್ಳಿರಿ. ಆಗ ಕೊಕ್ಕೆಯ ಒಳಮೈಯಿಂದ ತುದಿಯವರೆಗೆ ಕೋಲು ೨೧೪ ಮಿಲಿಮೀಟರು ಇರತಕ್ಕದ್ದು. ಮೊದಲು ಹಳೆಯ ಚೂರಿನಲ್ಲಿ ಕೊಯ್ದು ನೋಡಿ, ವ್ಯತ್ಯಾಸವಿದ್ದರೆ ಎರಡೂ ಕೋಲುಗಳನ್ನು ಒಟ್ಟಿಗೇ ಸರಿಪಡಿಸಿರಿ. ತುದಿಗೆ ಒಂದೊಂದು ತಿರುಪುಮೊಳೆಯನ್ನು ಹಾಕಿಕೊಂಡರೆ ಅದನ್ನು ತಿರುವಿ ಉದ್ದವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಬಹುದು.

ಇಟ್ಟುಕೊಳ್ಳುವಾಗ ಕೋಲುಗಳು ಒಂದಕ್ಕೊಂದು ಆದಷ್ಟು ದೂರವಿರಲಿ. ಇದಕ್ಕೆ ಕಾರಣವುಂಟು. ಎರಡು ಕೋಲುಗಳಲ್ಲಿ ೧ ಮಿಲಿಮೀಟರು ಭೇದವಿದೆಯೆನ್ನಿರಿ. ಅವುಗಳ ನಡುವೆ ೬೦೦ ಮಿಲಿಮೀಟರು ಮಾತ್ರ ಅಂತರವಿಟ್ಟರೆ, ೨೪೦೦ ಮಿಲಿಮೀಟರು ಉದ್ದದ ಕೊಯ್ತದಲ್ಲಿ ಆ ತಪ್ಪು ೪ ಮಿಲಿಮೀಟರಿಗೆ ಬೆಳೆಯುತ್ತದೆ. ಎರಡು ತುದಿಗಳ ಬಳಿಯಲ್ಲಿಯೇ ಇಟ್ಟರೆ ಅದು ೧ ಮಿಲಿಮೀಟರಿನಲ್ಲಿಯೇ ನಿಲ್ಲುತ್ತದೆ.

ಹಳಿಯ ಅಗಲಕ್ಕಿಂತ ಕಿರಿದಾದ ಪಟ್ಟಿಗಳು ಬೇಕಾದಾಗ ಹಳಿಯನ್ನು ದೊಡ್ಡ ಭಾಗದ ಮೇಲೆ ಇಟ್ಟು, ಕೋಲುಗಳನ್ನು ಅದರ ಕೊಯ್ಯುವ ಅಂಚಿಗೆ ತಾಗಿಸಬೇಕಾಗುತ್ತದೆ. ಆಗ ಗರಗಸದ ಅಲಗು ತಿನ್ನುವ ದಪ್ಪವನ್ನು ಕೋಲಿನ ಉದ್ದಕ್ಕೆ ಸೇರಿಸತಕ್ಕದ್ದು. ಹಳಿಯನ್ನು ಬಿಗಿದ ಮೇಲೆ ಕೋಲುಗಳನ್ನು ಮರೆಯದೆ ತೆಗೆದುಬಿಡಬೇಕು. ಇಲ್ಲವಾದರೆ ಅಲಗು ಅವುಗಳನ್ನೇ ಕೊಯ್ಯುವುದು.

ಎರಡನೆಯದು: ಮೂಲೆಹಲಗೆ. ಉದ್ದಕ್ಕೆ ಕೊಯ್ದಾಯಿತು, ಇನ್ನು ಅಡ್ಡ ಕೊಯ್ಯಬೇಕು. ಇಲ್ಲಿ ಮೂಲೆಯು ಸರಿಯಾಗಿ ಕಾಲುವೃತ್ತವಾಗದಿದ್ದರೆ ಕಪಾಟು ವಾಲುತ್ತದೆ. ನಮ್ಮ ಕಡೆಯ ಬಡಿಗರು ಗುನ್ಯಾ ಎನ್ನುವ ಮೂಲೆಮಟ್ಟವು ಗೇಣುದ್ದದ್ದು. ನಾಲ್ಕು ಅಡಿ ಅಗಲದ ಹಲಗೆಗೆ ಅದು ಸಾಲದು. ಆದುದರಿಂದ ೩೦೦ಕ್ಕೆ ೪೦೦ ಮಿಲಿಮೀಟರಿನ ಒಂದು ಪ್ಲೈವುಡ್ ತುಂಡನ್ನು ತೆಗೆದುಕೊಂಡು, ಅದರ ಕೆಳಗೆ ಒಂದು ಅಂಚಿನ ಉದ್ದಕ್ಕೂ ನೇರವಾದ ತಡೆಪಟ್ಟಿಯನ್ನು ಕೂಡಿಸಿರಿ. ತಡೆಪಟ್ಟಿಯು ಹಲಗೆಯ ಉದ್ದ ಅಂಚಿಗೆ ಆತುಕೊಳ್ಳಬೇಕು. ಮೂಲೆಹಲಗೆಯ ಪಕ್ಕದ ಅಂಚಿಗೆ ಹಳಿಯ ಬೆನ್ನು ಆತುಕೊಳ್ಳಬೇಕು. ಮೊದಲು ಒಂದೇ ತಿರುಪುಮೊಳೆ ಹಾಕಿ, ತಡೆಪಟ್ಟಿಯು ಅದರ ಸುತ್ತ ತುಸು ತಿರುಗುವಂತಿರಲಿ. ಮೂಲೆಯು ಸರಿಯಾದ ಮೇಲೆ ಎರಡನೆಯ ಮೊಳೆಯನ್ನು ಬಿಗಿಯಿರಿ.

ಮೂಲೆಯು ಸರಿಯೆಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ಹಿರಿಯರೇ ದಾರಿ ತೋರಿಸಿದ್ದಾರೆ. ಯಜ್ಞವೇದಿಗಳನ್ನು ಹಗ್ಗದಿಂದ ಅಳೆಯುವ ಕ್ರಮವನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ, ಆಯತದ ಕರ್ಣದ ಮೇಲಣ ಚೌಕವು ಎರಡು ಬದಿಗಳ ಮೇಲಣ ಚೌಕಗಳ ಮೊತ್ತಕ್ಕೆ ಸಮವೆಂಬ ನಿಯಮವು ಬಂದಿದೆ. ಒಂದು ಬದಿ ೩ ಪಾಲು, ಇನ್ನೊಂದು ೪ ಪಾಲು ಆದರೆ ಕರ್ಣವು ೫ ಪಾಲು ಆಗಲೇಬೇಕು. ಹಾಗೆ ೩೦೦ಕ್ಕೆ ೪೦೦ರ ತುಂಡಿನ ಕರ್ಣವು ೫೦೦ ಮಿಲಿಮೀಟರು. ದೊಡ್ಡ ಹಲಗೆಯಲ್ಲಿ ೯೦೦, ೧೨೦೦, ೧೫೦೦ ಎಂದು ಅಳೆದರೆ ಇನ್ನೂ ಸೂಕ್ಷ್ಮ. ಗೋಳಗುಮ್ಮಟವನ್ನು ನೋಡಿ ಬಂದವರು ಗುಮ್ಮಟದ ದೊಡ್ಡಸ್ತಿಕೆಯನ್ನು ಹೊಗಳುತ್ತಾರೆ. ಆದರೆ ೧೬೫೬ರಲ್ಲಿ ಮುಗಿದ ಆ ಕಟ್ಟಡದ ಒಳಗಣ ಅಂಗಣವು ಪ್ರತಿ ಬದಿಗೆ ಸುಮಾರು ೪೧ ಮೀಟರಿನ ಚೌಕವೆಂಬುದನ್ನೂ, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಹೆಣೆದ ಕಮಾನುಗಳೇ ಗುಮ್ಮಟವನ್ನು ಹೊತ್ತಿವೆಯೆಂಬುದನ್ನೂ ಮರೆಯುತ್ತಾರೆ. ಚೌಕವು ಕೆಟ್ಟಿದ್ದರೆ ಅದರ ಮೇಲೆ ಅಂಥ ಗುಮ್ಮಟವು ಕೂಡುತ್ತಿರಲಿಲ್ಲ. ನಮ್ಮ ಅಡಿಗೆಮನೆಯ ಕಪಾಟಿಗೂ ಅದೇ ನ್ಯಾಯ.

ಕೊನೆಯ ಪರೀಕ್ಷೆಗೆ ಅಳತೆಪಟ್ಟಿಯೂ ಬೇಡ. ಜೋಡುಗೋಲಿನಿಂದ ಕೊಯ್ದ, ಎರಡೂ ಅಂಚು ಸಮಾಂತರವಾಗಿರುವ ಸುಮಾರು ೬೦೦ ಮಿಲಿಮೀಟರು ಅಗಲದ ಹಲಗೆಯನ್ನು ಮೂಲೆಹಲಗೆಯ ನೆರವಿನಿಂದ ನಡುವೆ ಅಡ್ಡ ಕೊಯ್ಯಿರಿ. ಎರಡು ತುಂಡುಗಳನ್ನೂ ಒಂದು ನೇರ ಪಟ್ಟಿಗೆ ಒತ್ತಿಡಿರಿ. ಈಗ ಒಂದು ತುಂಡನ್ನು ಮಾತ್ರ, ಹಂಚಿನ ಮೇಲಣ ರೊಟ್ಟಿಯನ್ನು ಮಗುಚುವಂತೆ, ಹತ್ತಿರದ ಅಂಚು ದೂರಕ್ಕೆ ಹೋಗುವಂತೆ ಮಗುಚಿ, ಮತ್ತೆ ಪಟ್ಟಿಗೆ ಒತ್ತಿ ಎರಡನ್ನೂ ಕೂಡಿಸಿರಿ. ಸಂದಿಲ್ಲದೆ ಕೂಡಿದರೆ ಮೂಲೆ ಸರಿ. ಸಂದು ಕಂಡರೆ ಅದು ನಿಜವಾದ ತಪ್ಪಿನ ಎರಡರಷ್ಟು. ಹೀಗೆ ತಪ್ಪು ತನ್ನನ್ನು ಇಮ್ಮಡಿಯಾಗಿ ತೋರಿಸಿಕೊಳ್ಳುವುದರಿಂದ ಸಾಮಾನ್ಯ ಕಣ್ಣಿಗೂ ತಿಳಿಯುತ್ತದೆ. ಮೊಳೆಯನ್ನು ಸಡಿಲಿಸಿ, ತಡೆಪಟ್ಟಿಯ ಒಂದು ತುದಿಗೆ ಬರೆಯುವ ಕಾಗದದ ಚೂರನ್ನು ಕೊಟ್ಟು ಮತ್ತೆ ಬಿಗಿಯಿರಿ. ಇಂಥ ಕಾಗದದ ದಪ್ಪವು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿರುವುದರಿಂದ ಇದಕ್ಕಿಂತ ಅಗ್ಗದ ಸೂಕ್ಷ್ಮಸಾಧನವು ಮನೆಯಲ್ಲಿ ದೊರೆಯಲಾರದು.

ಮೂರನೆಯದು: ಹಳಿಗಳ ಬೆಸುಗೆ. ಪ್ಲೈವುಡ್ಡಿನ ಪೂರ್ಣ ಹಲಗೆಯು ೨೪೪೦ಕ್ಕೆ ೧೨೨೦ ಮಿಲಿಮೀಟರು ಇರುತ್ತದೆ. ಗರಗಸದ ಜೊತೆಗೆ ಬರುವ ಹಳಿಯು ಬಹುಶಃ ೧೪೦೦ ಮಿಲಿಮೀಟರು ಉದ್ದದ್ದು. ಆದುದರಿಂದ ಉದ್ದ ಕೊಯ್ತಕ್ಕೆ ಎರಡು ಹಳಿಗಳನ್ನು ಜೋಡಿಸಬೇಕಾಗುತ್ತದೆ. ಜೋಡಿಯ ತುದಿಗಳನ್ನು ಒಂದಕ್ಕೊಂದು ಬಲವಾಗಿ ಒತ್ತಿದರೆ, ತುದಿಯ ಕೊಯ್ತ ಸೊಟ್ಟಗಿದ್ದಾಗ ಹಳಿಯೂ ಸೊಟ್ಟಗಾಗುತ್ತದೆ. ಅವುಗಳ ನಡುವೆ ಕಾಗದ ಹಿಡಿಸುವಷ್ಟು ಸಂದು ಬಿಟ್ಟು, ಪರೀಕ್ಷಿಸಿದ ನೇರ ಪಟ್ಟಿಯೊಂದನ್ನು ಎರಡೂ ಹಳಿಗಳ ಬೆನ್ನಿಗೆ ಆನಿಸಿ, ಕ್ಲ್ಯಾಂಪಿನಿಂದ ಹಿಡಿದು, ಆಮೇಲೆ ತಿರುಪುಗಳನ್ನು ಬಿಗಿಯತಕ್ಕದ್ದು.

ಆ ಪಟ್ಟಿಯೇ ನೇರವೆಂಬುದಕ್ಕೆ ಸಾಕ್ಷಿಯೇನು? ಹಲಗೆಯ ಮೇಲೆ ಅದನ್ನಿಟ್ಟು ಮೊನೆಯಾದ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬಳಿಕ ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ, ಅದೇ ಅಂಚನ್ನು ಗೆರೆಯ ಆಚೆಯ ಬದಿಯಿಂದ ಗೆರೆಗೆ ತಂದು ಇಡಿರಿ. ಅಂಚು ಗೆರೆಯನ್ನು ಉದ್ದಕ್ಕೂ ತಾಗಿದರೆ ಪಟ್ಟಿ ನೇರ. ನಡುವೆ ಬಿಳುಪು ಕಂಡರೆ ಅಥವಾ ಗೆರೆ ಮುಚ್ಚಿಹೋದರೆ ಬಾಗಿದೆ ಎಂದು ತಿಳಿಯಿರಿ. ಇಲ್ಲಿಯೂ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಹಳಿಯನ್ನೂ ಹೀಗೆಯೇ ಪರೀಕ್ಷಿಸಬಹುದು. ಆದರೆ ಅದರ ರಬ್ಬರಿನ ಅಂಚನ್ನು ನಂಬದೆ ಲೋಹದ ಬೆನ್ನನ್ನೇ ನೋಡಬೇಕು.

ಹಳಿಯಿಲ್ಲದವರಿಗೆ ಒಂದು ಮಾತು. ಸಾಮಾನ್ಯ ವಿದ್ಯುತ್ ಗರಗಸವಿದ್ದವರು ನಿರಾಶರಾಗಬೇಕಾದುದಿಲ್ಲ. ೬ ಮಿಲಿಮೀಟರು ದಪ್ಪದ, ೩೦೦ ಮಿಲಿಮೀಟರು ಅಗಲದ, ೧೫೦೦ ಉದ್ದದ ಪ್ಲೈವುಡ್ಡಿನ ಮೇಲೆ, ೧೨ ಮಿಲಿಮೀಟರು ದಪ್ಪದ ಕಿರುಪಟ್ಟಿಯನ್ನು ಒಂದು ಬದಿಗೆ ನೇರವಾಗಿ ಅಂಟಿಸಿರಿ. ಅಂಟು ಒಣಗಿದ ಮೇಲೆ ಗರಗಸದ ಪೀಠವನ್ನು ಆ ಪಟ್ಟಿಗೆ ಒತ್ತಿ ಉದ್ದಕ್ಕೂ ನಡೆಯಿಸಿರಿ. ಕೆಳಗಣ ಹಲಗೆಯ ಹೆಚ್ಚಿನ ಭಾಗವು ಕತ್ತರಿಸಿ ಬೀಳುವುದು. ಉಳಿದ ಅಂಚೇ ಇನ್ನು ಮುಂದೆ ಕೊಯ್ತದ ಗೆರೆ. ಗರಗಸವು ತನ್ನ ದಾರಿಯನ್ನು ತಾನೇ ಬರೆದುಕೊಂಡಂತಾಯಿತು. ಆ ಅಂಚನ್ನು ಗುರುತಿನ ಮೇಲಿಟ್ಟು ಕೊಯ್ದರೆ ಲೆಕ್ಕವೇ ಬೇಡ. ಅಲಗನ್ನಾಗಲಿ ಗರಗಸವನ್ನಾಗಲಿ ಬದಲಿಸಿದರೆ ಮಾತ್ರ ಹೊಸದನ್ನು ಮಾಡಿಕೊಳ್ಳಬೇಕು. ಗರಗಸ ಜಾರುವಂತೆ ಮೇಲ್ಮೈಗೆ ಮೇಣಬತ್ತಿಯನ್ನು ತಿಕ್ಕಿರಿ. ನಮ್ಮ ಸೀಮೆಯ ಬೇಸಗೆಯಲ್ಲಿ ಗೋಡೆಗೆ ಓರೆಯಾಗಿ ಆನಿಸಿಟ್ಟ ಪಟ್ಟಿ ಬಾಗುತ್ತದೆ. ನೆಲಕ್ಕೆ ಚಪ್ಪಟೆಯಾಗಿಯಾಗಲಿ, ತೂಗುಹಾಕಿಯಾಗಲಿ ಇಡುವುದು ಒಳ್ಳೆಯದು.

ಎಚ್ಚರಿಕೆಯ ಮಾತುಗಳು. ಹಲಗೆ ಕೆಟ್ಟರೆ ಹಣ ಹೋಗುತ್ತದೆ. ಬೆರಳು ಹೋದರೆ ಯಾವ ಹಣದಿಂದಲೂ ಬಾರದು. ಹಳಿ ಕೂಡಿಸುವಾಗಲೂ ಅಲಗು ಮುಟ್ಟುವಾಗಲೂ ವಿದ್ಯುತ್ತಿನ ಪ್ಲಗ್ಗನ್ನು ತೆಗೆದಿರತಕ್ಕದ್ದು. ಅಲಗು ಹಲಗೆಯ ದಪ್ಪಕ್ಕಿಂತ ೩ರಿಂದ ೫ ಮಿಲಿಮೀಟರು ಮಾತ್ರ ಕೆಳಗಿಳಿಯಲಿ. ಹಲಗೆಯ ಕೆಳಗೆ ಹಳೆಯ ಮರದ ಪಟ್ಟಿಗಳನ್ನು ಹಾಕಿ, ಕತ್ತರಿಸಿದ ಎರಡು ಭಾಗಗಳೂ ಬೀಳದಂತೆ ಆಧಾರ ಕೊಡಿರಿ. ಕೊಯ್ತವು ಮುಚ್ಚಿಕೊಂಡು ಅಲಗನ್ನು ಹಿಡಿದರೆ ಗರಗಸವು ಮನುಷ್ಯನ ಕಡೆಗೆ ಒದೆಯುತ್ತದೆ. ಧೋತರದ ಚುಂಗು, ಸೆರಗು, ಸಡಿಲ ತೋಳುಗಳನ್ನು ಬಿಗಿದುಕೊಳ್ಳಬೇಕು. ಕಣ್ಣಿಗೆ ಕನ್ನಡಕ, ಮೂಗುಬಾಯಿಗೆ ಮುಸುಕು ಅವಶ್ಯ. ಕೊಯ್ಯುತ್ತಿರುವಾಗ ಕರೆಂಟು ಹೋದರೆ ಮೊದಲು ಗುಂಡಿಯಿಂದ ಬೆರಳನ್ನು ತೆಗೆದು ಪ್ಲಗ್ಗು ಕೀಳಿರಿ. ಅದು ಯಾವಾಗ ಮರಳಿ ಬರುವುದೋ ಯಾರು ಬಲ್ಲರು? ಮಕ್ಕಳು ನೋಡುವ ಕುತೂಹಲದಿಂದ ಬಂದರೆ ಗರಗಸ ನಿಲ್ಲಿಸಿ, ದೂರ ಕಳಿಸಿ, ಮುಂದೆ ಕೆಲಸಮಾಡಿರಿ.

ತಿಕೋಟೆಯ ಕಪಾಟಿನ ಕಥೆಯು ಕೊನೆಗೆ ಸುಖಾಂತವೇ ಆಯಿತು. ಆ ವೃದ್ಧರು ಜೋಡುಗೋಲನ್ನು ಮಾಡಿ, ಕೆಟ್ಟ ಕದದ ಅಗಲವನ್ನು ೪೪೬ಕ್ಕೆ ಇಳಿಸಿ ಸಮವಾಗಿ ಕೊಯ್ದರು. ಜೊತೆಯ ಕದವನ್ನೂ ಅಷ್ಟಕ್ಕೇ ತಂದರು. ಉಳಿದ ಸಂದನ್ನು ನಡುವೆ ತೆಳುವಾದ ಸಾಗುವಾನಿಯ ಪಟ್ಟಿಯಿಂದ ಮುಚ್ಚಿದರು. ಬೇರೆ ಹಲಗೆ ತರುವ ಪ್ರಸಂಗವೇ ಬರಲಿಲ್ಲ. ನೋಡಿದವರು ಅದು ಅಲಂಕಾರಕ್ಕೆ ಹಾಕಿದ ಪಟ್ಟಿಯೆಂದೇ ತಿಳಿಯುತ್ತಾರೆ. ಹೊರಡುವಾಗ ನಾವು ಆಡಿದ ಬಿರುಸು ಮಾತಿಗೆ ಅವರ ಕ್ಷಮೆ ಕೇಳಿದೆವು. ಅವರು ಆ ಎರಡು ಕೋಲುಗಳನ್ನು ನಮ್ಮ ಕೈಗೆ ಕೊಟ್ಟು, "ಇಟ್ಕೋರಿ, ಮುಂದ ಬೇಕಾಗ್ತಾವ," ಎಂದಷ್ಟೇ ಹೇಳಿದರು.

ಅವು ಈಗಲೂ ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿವೆ. ಬಡಿಗರ ಕೆಲಸದಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡಾಗ, ಬಾಯಿ ತೆರೆಯುವ ಮೊದಲು ನಾವು ಕೊಟ್ಟ ಅಳತೆಯನ್ನೇ ಒಮ್ಮೆ ತಾಳೆನೋಡುವ ಅಭ್ಯಾಸವು ಅಂದಿನಿಂದ ನಮಗೆ ಬಂದಿದೆ. ವಾಚಕರೂ ಮುಂದಿನ ರಜೆಯ ದಿನ ಒಂದು ಜೊತೆ ಕೋಲುಗಳನ್ನು ಮಾಡಿಟ್ಟುಕೊಳ್ಳಲಿ.